ಅಣು ಅನಿಲ ಹುಡುಕಲು ಯಾವ ಗೆರೆ? ನಾನು ಪ್ರಯತ್ನಿಸಿದ ಮೂರು ದಾರಿಗಳು

ನಕ್ಷತ್ರಗಳು ಹುಟ್ಟುವುದು ತಣ್ಣನೆಯ ಅಣು ಅನಿಲದಲ್ಲಿ. ಅದರ ಬಹುಪಾಲು ಹೈಡ್ರೋಜನ್ ಅಣು. ಅಷ್ಟು ತಂಪಿನಲ್ಲಿ ಅದು ತಾನಾಗಿ ಬೆಳಕು ಸೂಸುವುದಿಲ್ಲ ಅಂತಲೇ ಹೇಳಬಹುದು. ಹಿಂದೆ ಒಂದು ಕ್ವೇಸಾರ್ (ಬಹುದೂರದ ಗೆಲಾಕ್ಸಿಯೊಂದರ ತೀರಾ ಪ್ರಖರ ನಡುಭಾಗ) ಇದ್ದರೆ ಮಾತ್ರ, ಅದರ ಬೆಳಕನ್ನು ಹೀರಿ ರೋಹಿತದಲ್ಲಿ, ಅಂದರೆ ಬೆಳಕನ್ನು ಅಲೆಯುದ್ದಗಳಾಗಿ ಬಿಡಿಸಿದಾಗ, ಕಪ್ಪು ಗೆರೆಗಳ ಗುರುತು ಬಿಡುತ್ತದೆ. ಅನಿಲವಿರುವ ಗೆಲಾಕ್ಸಿ ಎಷ್ಟೇ ದೂರವಿರಲಿ, ಕ್ವೇಸಾರ್ ಚೆನ್ನಾಗಿ ಹೊಳೆಯುತ್ತಿದ್ದರೆ ಸಾಕು.

ಸಾರ್ವಜನಿಕವಾಗಿ ಸಿಗುವ ದತ್ತಾಂಶದಲ್ಲೇ ನಾನು ಮೂರು ದಾರಿಗಳನ್ನು ಪ್ರಯತ್ನಿಸಿದ್ದೇನೆ.

ಮೊದಲನೆಯದು ಹೈಡ್ರೋಜನ್ ಅಣುವಿನ ಸ್ವಂತ ಗೆರೆಗಳು, ಲೈಮನ್-ವರ್ನರ್ ಪಟ್ಟಿಗಳು. ಇವು ಸುಮಾರು 1,100 ಆಂಗ್‌ಸ್ಟ್ರಾಮ್ ಅಲೆಯುದ್ದಕ್ಕಿಂತ ಕೆಳಗೆ, ನೇರಳಾತೀತದಲ್ಲಿವೆ. ರೆಡ್‌ಶಿಫ್ಟ್ (ವಿಶ್ವ ಹಿಗ್ಗಿದಂತೆ ಬೆಳಕಿನ ಅಲೆಯೂ ಹಿಗ್ಗಿದ ಅಳತೆ; ಹೆಚ್ಚಿದಷ್ಟೂ ದೂರ, ಹಿಂದಿನ ಕಾಲ) 2ರ ಆಸುಪಾಸಿನಿಂದ ಮೇಲಿದ್ದರೆ ಮಾತ್ರ ನೆಲದ ದೂರದರ್ಶಕಕ್ಕೆ ಸಿಗುತ್ತವೆ. 1985ರಲ್ಲಿ ಲೆವ್ಶಾಕೋವ್ ಮತ್ತು ವರ್ಶಾಲೋವಿಚ್ ರೆಡ್‌ಶಿಫ್ಟ್ 2.81ರಲ್ಲಿ ಇವನ್ನು ಗುರುತಿಸಿದ್ದು ಹೀಗೆಯೇ. ಆದರೆ ಇದು ತಾಳ್ಮೆ ಬೇಡುವ ಕೆಲಸ. ಗೆರೆಗಳೆಲ್ಲ ಲೈಮನ್-ಆಲ್ಫಾ ಕಾಡಿನೊಳಗೇ, ಅಂದರೆ ದಾರಿಯುದ್ದಕ್ಕೂ ಇರುವ ಹೈಡ್ರೋಜನ್ ಪರಮಾಣುಗಳು ಮೂಡಿಸಿದ ಗೆರೆಗಳ ಗುಂಪಿನೊಳಗೇ, ಬೀಳುತ್ತವೆ. ಒಂದೇ ಗೆರೆ ನೋಡಿ ಏನನ್ನೂ ಹೇಳಲಾಗದು. ಒಂದೇ ರೆಡ್‌ಶಿಫ್ಟ್‌ನಲ್ಲಿ ಹತ್ತಾರು ಗೆರೆ ಕೂಡಿ ಬರಬೇಕು. ಚಿಲಿಯ ವಿಎಲ್‌ಟಿ ದೂರದರ್ಶಕದ ಯುವಿಇಎಸ್‌ನಂಥ ಸೂಕ್ಷ್ಮ ಉಪಕರಣದ ರೋಹಿತ ಇಲ್ಲದಿದ್ದರೆ ಸುಮ್ನೆ ಕಣ್ಣು ನೋವು. ಇಷ್ಟೆಲ್ಲ ಇದ್ದರೂ ಇದೇ ನನ್ನ ಅಚ್ಚುಮೆಚ್ಚು. ಅಣುಗಳು ಎಷ್ಟಿವೆ ಅನ್ನುವುದನ್ನು ನೇರವಾಗಿ ಅಳೆಯಬಹುದು, ಅಂದಾಜು ಬೇಕಿಲ್ಲ. ಅಣು ತಿರುಗುವ ಶಕ್ತಿಮಟ್ಟಗಳ ಪೈಕಿ ತಳದ ಎರಡರಲ್ಲಿ ಎಷ್ಟೆಷ್ಟು ಅಣುಗಳಿವೆ ಎಂದು ನೋಡಿದರೆ ಅನಿಲದ ಉಷ್ಣತೆಯೂ ಸಿಗುತ್ತದೆ.

ತೊಂದರೆ ಎಂದರೆ, ಎಲ್ಲಿ ಹುಡುಕಬೇಕು? ಹೈಡ್ರೋಜನ್ ಪರಮಾಣು ದಟ್ಟವಾಗಿರುವ ಮೋಡಗಳಲ್ಲೂ ಬಹುಪಾಲು ಕಡೆ ಅಣುವಿನ ಸುಳಿವೇ ಇರುವುದಿಲ್ಲ. ಇಲ್ಲಿ ಎರಡನೆಯ ದಾರಿ ಕೈ ಹಿಡಿಯಿತು: ತಟಸ್ಥ ಕಾರ್ಬನ್. ಅದರ 1560 ಮತ್ತು 1656 ಆಂಗ್‌ಸ್ಟ್ರಾಮ್ ಗೆರೆಗಳು ಸಾಮಾನ್ಯವಾಗಿ ಆ ಕಾಡಿನಾಚೆ, ಬಯಲಲ್ಲಿರುತ್ತವೆ. ಹೈಡ್ರೋಜನ್ ಅಣುವನ್ನು ಒಡೆಯುವ ಬೆಳಕೇ ಹೆಚ್ಚುಕಡಿಮೆ ಕಾರ್ಬನ್ನಿನ ಎಲೆಕ್ಟ್ರಾನನ್ನೂ ಕಿತ್ತುಹಾಕುತ್ತದೆ. ಹಾಗಾಗಿ ಒಂದು ಉಳಿದ ಕಡೆ ಇನ್ನೊಂದೂ ಉಳಿದಿರುತ್ತದೆ. ಗೆರೆ ಗಟ್ಟಿಯಾಗಿದ್ದರೆ ಎಸ್‌ಡಿಎಸ್‌ಎಸ್ ಎಂಬ ಆಕಾಶ ಸಮೀಕ್ಷೆಯ ಸಾಧಾರಣ ರೋಹಿತದಲ್ಲೂ ಕಾಣುತ್ತದೆ. ಅಣು ಎಷ್ಟಿದೆ ಅನ್ನುವುದನ್ನು ಮಾತ್ರ ಇದರಿಂದ ಹೇಳಲಾಗದು.

ಮೂರನೆಯದು ಮಿಲಿಮೀಟರ್ ಅಲೆಗಳು. ಇಲ್ಲಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್‌ನಂಥ ಅಣುಗಳ ಗೆರೆಗಳು. ಪಿಕೆಎಸ್ 1830-211 ಎಂಬ ಕ್ವೇಸಾರ್‌ನ ಮುಂದಿರುವ ರೆಡ್‌ಶಿಫ್ಟ್ 0.89ರ ಗೆಲಾಕ್ಸಿಯ ಆಲ್ಮಾ (ಚಿಲಿಯ ಮಿಲಿಮೀಟರ್ ಅಲೆ ದೂರದರ್ಶಕ) ದತ್ತಾಂಶ ತೆರೆದು ನೋಡಿ, ಗೆರೆಗಳ ಸಂತೆಯೇ ನೆರೆದಿದೆ. ಆ ಗೆಲಾಕ್ಸಿ ಗುರುತ್ವ ಮಸೂರವಾಗಿ, ಅಂದರೆ ಬೆಳಕನ್ನು ಬಾಗಿಸಿ, ಕ್ವೇಸಾರ್‌ನ ಎರಡು ಬಿಂಬ ಮಾಡಿದೆ. ಗಾಢ ಗೆರೆಗಳು ನೈಋತ್ಯದ ಬಿಂಬದಲ್ಲಿವೆ. ಎರಡೂ ಬಿಂಬಗಳ ಬೆಳಕು ಬೆರೆತರೆ, ಒಂದು ಬಿಂಬದ ಬೆಳಕನ್ನು ಅನಿಲ ಪೂರ್ತಿ ಹೀರಿದ್ದರೂ ಗೆರೆ ಸೊನ್ನೆಯ ತಳ ಮುಟ್ಟುವುದಿಲ್ಲ. ಹಾಗಾಗಿ ಬಿಂಬಗಳನ್ನು ಬಿಡಿಸಿ ನೋಡುವುದೇ ಸರಿ. ಕೊರತೆ ಎಂದರೆ ಗುರಿಗಳದ್ದು. ರೆಡ್‌ಶಿಫ್ಟ್ ಹೆಚ್ಚಿದ ಕಡೆ ಇಂಥ ಗೆಲಾಕ್ಸಿಗಳು ಬೆರಳೆಣಿಕೆಯಷ್ಟೇ.

ಇವು ನಿಜಕ್ಕೂ ಪರಸ್ಪರ ಎದುರಾಳಿಗಳೇ? ಪೂರ್ತಿ ಅಲ್ಲ. ಅಣು ದಟ್ಟವಾಗಿರುವ ಕಡೆ ಧೂಳೂ ಜಾಸ್ತಿ, ಅಲ್ವಾ? ಆ ಧೂಳು ಕ್ವೇಸಾರ್‌ನ ನೇರಳಾತೀತ ಬೆಳಕನ್ನು ನುಂಗಿಬಿಡುತ್ತದೆ. ಮೊದಲೆರಡು ದಾರಿಗೆ ಸಿಗುವುದು ಹೆಚ್ಚಾಗಿ ತೆಳುವಾದ ಮೋಡ, ಇಲ್ಲವೇ ಮೋಡದ ಅಂಚು. ಮಿಲಿಮೀಟರ್ ಅಲೆ ಧೂಳನ್ನು ದಾಟಿ ಒಳಗಿನಿಂದ ಸುದ್ದಿ ತರುತ್ತದೆ.

ನೇರಳಾತೀತ, ಮಿಲಿಮೀಟರ್ ಎರಡೂ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ಉಂಟು. 2008ರಲ್ಲಿ ಶ್ರೀಆನಂದ್ ಮತ್ತು ಸಂಗಡಿಗರು ರೆಡ್‌ಶಿಫ್ಟ್ 2.42ರಲ್ಲಿ ಕಾರ್ಬನ್ ಮಾನಾಕ್ಸೈಡ್‌ನ ನೇರಳಾತೀತ ಗೆರೆಗಳನ್ನು ಹಿಡಿದು, ವಿಶ್ವದ ಹಿನ್ನೆಲೆ ವಿಕಿರಣದ (ಮಹಾಸ್ಫೋಟದಿಂದ ಉಳಿದ ಬೆಳಕಿನ) ಅಂದಿನ ಉಷ್ಣತೆ ಸುಮಾರು 9.15 ಕೆಲ್ವಿನ್ ಎಂದರು, ಅನಿಶ್ಚಿತತೆ 0.7. ಪಿಕೆಎಸ್ 1830-211ರ ಗೆರೆಗಳಿಂದ 2013ರಲ್ಲಿ ಬಂದದ್ದು 5.08 ಕೆಲ್ವಿನ್, ಅನಿಶ್ಚಿತತೆ ಬರೀ 0.1. ನಿಖರತೆ ಬೇಕೆಂದರೆ ಮಿಲಿಮೀಟರ್ ಗೆದ್ದಿತು. ಆದರೆ ಅಷ್ಟು ಹಿಂದಿನ ಕಾಲಕ್ಕೆ ಹೋಗಿ ಮುಟ್ಟಿದ್ದು ನೇರಳಾತೀತದ ದಾರಿ. 2008ರ ಆ ಕ್ವೇಸಾರನ್ನು ಆರಿಸಲು ಸುಳಿವು ಕೊಟ್ಟದ್ದೂ ಎಸ್‌ಡಿಎಸ್‌ಎಸ್ ರೋಹಿತದಲ್ಲಿದ್ದ ಕಾರ್ಬನ್ ಗೆರೆಗಳೇ.