ಓದು ಬಂದರೆ ಸಾಲದು, ಅರ್ಥವಾಗಬೇಕು: ಮಂಡ್ಯದ ಮಕ್ಕಳೊಂದಿಗೆ ಸ್ಟೋರಿವೀವರ್

ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮಕ್ಕಳ ಕಥೆಗಳ ಉಚಿತ ಜಾಲತಾಣವನ್ನು ಮಂಡ್ಯದ ನಮ್ಮ ಬಡಾವಣೆಯಲ್ಲಿ ಎರಡು ಮತ್ತು ಮೂರನೆಯ ತರಗತಿಯ ಮಕ್ಕಳ ಸಂಜೆಯ ಓದಿಗೆ ಬಳಸುತ್ತ ಬಂದಿದ್ದೇನೆ. ಅಕ್ಷರ ಕೂಡಿಸಿ ಓದಬಲ್ಲ ಮಗುವಿಗೆ ಓದಿದ್ದು ಅರ್ಥವಾಗುವಂತೆ ಮಾಡಲು ಈ ತಾಣ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದಷ್ಟೇ ಇಲ್ಲಿ ನನ್ನ ವಿಷಯ. ಬಹಳವೇ ನೆರವಾಗುತ್ತದೆ, ಆದರೆ ಪಕ್ಕದಲ್ಲಿ ಕುಳಿತು ಮಾತನಾಡುವ ಹಿರಿಯರೊಬ್ಬರು ಇರಲೇಬೇಕು.

ಇದಕ್ಕೆ ಕಾರಣವಿದೆ. ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು 1986ರಲ್ಲಿ ಮುಂದಿಟ್ಟ ಸರಳ ಸೂತ್ರದ ಪ್ರಕಾರ ಓದಿನ ಗ್ರಹಿಕೆ ಎನ್ನುವುದು ಅಕ್ಷರವನ್ನು ಮಾತಾಗಿಸುವ ಶಕ್ತಿ ಮತ್ತು ಆ ಮಾತನ್ನು ತಿಳಿಯುವ ಶಕ್ತಿ, ಇವೆರಡರ ಗುಣಲಬ್ಧ. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ. ನಮ್ಮಲ್ಲಿ ಕಾಗುಣಿತ, ಒತ್ತಕ್ಷರಗಳನ್ನು ದಾಟುವುದಕ್ಕೇ ಮಗುವಿಗೆ ಕೆಲವು ವರ್ಷಗಳು ಹಿಡಿಯುವುದರಿಂದ ಹಿರಿಯರ ಗಮನವೆಲ್ಲ ಮೊದಲನೆಯ ಶಕ್ತಿಯ ಮೇಲೆಯೇ ನಿಂತುಬಿಡುತ್ತದೆ. ಮಗು ತಡವರಿಸದೆ ಓದಿತೆಂದರೆ ಕೆಲಸ ಮುಗಿಯಿತೆಂದು ನಾವು ತಿಳಿಯುತ್ತೇವೆ. ಪಾಠದ ಕೊನೆಯ ಪ್ರಶ್ನೆಗಳೂ ಹಲವು ಬಾರಿ ನಮ್ಮ ಕಣ್ಣು ಕಟ್ಟುತ್ತವೆ. ‘ಗುಬುಟನು ಚಿಪ್ಪಳಕ್ಕೆ ಹೋಗಿ ಮಿಡುರನ್ನು ತಂದನು’ ಎಂದು ಅರ್ಥವಿಲ್ಲದ ಪದಗಳ ವಾಕ್ಯವೊಂದನ್ನು ಬರೆದು ‘ಗುಬುಟನು ಏನನ್ನು ತಂದನು?’ ಎಂದು ಕೇಳಿ ನೋಡಿ. ಯಾವ ಮಗುವಾದರೂ ‘ಮಿಡುರನ್ನು’ ಎಂದು ಸರಿಯಾಗಿಯೇ ಉತ್ತರಿಸುತ್ತದೆ. ವಿಭಕ್ತಿ ಪ್ರತ್ಯಯವೇ ಉತ್ತರವನ್ನು ತೋರಿಸಿಕೊಡುತ್ತದೆ, ಅರ್ಥದ ಅಗತ್ಯವೇ ಬೀಳುವುದಿಲ್ಲ.

ಸ್ಟೋರಿವೀವರ್ ನನಗೆ ಒಪ್ಪಿಗೆಯಾಗುವುದು ಇಲ್ಲಿಯೇ. ಪುಟಕ್ಕೊಂದು ಚಿತ್ರವಿರುವ ಅಲ್ಲಿನ ಕಥೆಗಳಲ್ಲಿ ಅಕ್ಷರ ಹೇಳದೆ ಬಿಟ್ಟಿದ್ದನ್ನು ಚಿತ್ರ ಹೇಳುತ್ತದೆ, ಹಾಗಾಗಿ ಮಗು ಎರಡನ್ನೂ ಜೋಡಿಸಿ ಊಹಿಸಲೇಬೇಕಾಗುತ್ತದೆ. ನಾನು ಮುಖಪುಟವನ್ನಷ್ಟೇ ತೋರಿಸಿ ಏನಾಗಬಹುದೆಂದು ಕೇಳುತ್ತೇನೆ, ಕಥೆಯ ನಡುವೆ ಒಂದೆಡೆ ನಿಲ್ಲಿಸಿ ‘ಅವಳು ಯಾಕೆ ಸುಮ್ಮನಾದಳು?’ ಎಂಬಂತಹ, ಪುಟದಲ್ಲಿ ಉತ್ತರ ಬರೆದಿಲ್ಲದ ಪ್ರಶ್ನೆಯನ್ನು ಇಡುತ್ತೇನೆ, ಮುಗಿದ ಮೇಲೆ ಪುಸ್ತಕ ಮುಚ್ಚಿ ಕಥೆಯನ್ನು ಅವರ ಮಾತಿನಲ್ಲೇ ಹೇಳಿಸುತ್ತೇನೆ. ಮಕ್ಕಳು ಕಥೆಯನ್ನು ‘ಓಯ್ತನೆ, ಬತ್ತನೆ’ ಎಂದು ಮನೆಯ ಕನ್ನಡದಲ್ಲಿ ಹೇಳಿದಾಗ ದಯವಿಟ್ಟು ಯಾರೂ ತಿದ್ದಬಾರದು. ಗ್ರಂಥದ ಭಾಷೆಯಲ್ಲಿ ಓದಿದ್ದನ್ನು ತನ್ನ ಭಾಷೆಗೆ ತಂದುಕೊಂಡ ಮಗು, ತನಗೆ ಅರ್ಥವಾಗಿದೆ ಎಂಬುದಕ್ಕೆ ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಕೊಡಲಾರದು.

ಕಥೆಯ ಆಯ್ಕೆಯಲ್ಲಿ ಮಗುವಿನ ಲೋಕಜ್ಞಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಲೆಮನೆ, ಕಬ್ಬಿನ ಗಾಡಿ, ವಿಶ್ವೇಶ್ವರಯ್ಯ ನಾಲೆಯ ನೀರು ನೋಡಿ ಬೆಳೆದ ಮಕ್ಕಳು ಹೊಲಗದ್ದೆಯ ಕಥೆಯಲ್ಲಿ ಬರೆಯದೇ ಉಳಿದದ್ದನ್ನೂ ತಾವೇ ತುಂಬಿಕೊಳ್ಳುತ್ತಾರೆ. ಅದೇ ಮಕ್ಕಳು ಕಡಲಿನ ಅಲೆ, ಉಬ್ಬರ, ಬೆಸ್ತರ ದೋಣಿಯ ಕಥೆಗೆ ಬಂದರೆ ಪ್ರತಿ ಪದವನ್ನೂ ಸರಿಯಾಗಿ ಉಚ್ಚರಿಸಿ, ಏನೂ ತಿಳಿಯದೆ ಪುಟ ತಿರುವುತ್ತಾರೆ. ಅದಕ್ಕಾಗಿ ಅಂತಹ ಕಥೆಯನ್ನು ಬಿಡಬೇಕಾಗಿಲ್ಲ. ಓದುವ ಮೊದಲು ಹತ್ತು ನಿಮಿಷ ಕಡಲಿನ ಬಗ್ಗೆ ಮಾತನಾಡಿದರೆ ಅದೇ ಪುಟ ಅವರಿಗೆ ತೆರೆದುಕೊಳ್ಳುತ್ತದೆ.

ಇಂಗ್ಲಿಷ್ ಮಾಧ್ಯಮದ ಮಕ್ಕಳಿರುವ ಮನೆಗಳಿಗೆ ಈ ತಾಣದ ಇನ್ನೊಂದು ಅನುಕೂಲವಿದೆ. ಅನೇಕ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಸಿಗುತ್ತವೆ. ಮೊದಲು ಕನ್ನಡದಲ್ಲಿ ಕಥೆಯನ್ನು ಅನುಭವಿಸಿ, ಆಮೇಲೆ ಇಂಗ್ಲಿಷಿನಲ್ಲಿ ಓದಿದ ಮಗುವಿಗೆ ಅಪರಿಚಿತ ಪದಗಳ ಅರ್ಥ ಕಥೆಯೊಳಗಿನಿಂದಲೇ ಹೊಳೆಯುತ್ತದೆ. ಕನ್ನಡ ಓದಿದರೆ ಇಂಗ್ಲಿಷ್ ಹಿಂದೆ ಬೀಳುತ್ತದೆ ಎಂದು ಅಂಜುವ ತಂದೆತಾಯಿಯರು ಇದನ್ನೊಮ್ಮೆ ಮಾಡಿ ನೋಡಬೇಕೆಂದು ನನ್ನ ಕಳಕಳಿಯ ಕೋರಿಕೆ.

ಮಿತಿಗಳೂ ಇವೆ. ತಾಣದಲ್ಲಿ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. ಮೊದಲ ಹಂತಕ್ಕೆ 250ಕ್ಕಿಂತ ಕಡಿಮೆ, ಎರಡನೆಯದಕ್ಕೆ 600ರವರೆಗೆ, ಮೂರನೆಯದಕ್ಕೆ 1500ರವರೆಗೆ ಪದಗಳು. ಆದರೆ ಪ್ರತ್ಯಯಗಳು ಒಂದರ ಮೇಲೊಂದು ಕೂಡಿ ಪದ ಬೆಳೆಯುವ ಕನ್ನಡದಲ್ಲಿ ಪದಗಳ ಎಣಿಕೆ ಓದಿನ ಭಾರವನ್ನು ಪೂರ್ತಿ ಅಳೆಯಲಾರದು, ಆದ್ದರಿಂದ ಹಂತದ ಗುರುತನ್ನು ನಂಬಿ ಕೂರದೆ ಒತ್ತಕ್ಷರಗಳೂ ಸಂಧಿಪದಗಳೂ ಎಷ್ಟಿವೆಯೆಂದು ಹಿರಿಯರು ಒಮ್ಮೆ ಓದಿ ನೋಡಬೇಕು. ಯಾರು ಬೇಕಾದರೂ ಅನುವಾದಿಸಬಹುದಾದ ಮುಕ್ತ ವ್ಯವಸ್ಥೆಯಾದ್ದರಿಂದ ಭಾಷೆಯ ಹದ ಎಲ್ಲ ಕಥೆಗಳಲ್ಲೂ ಒಂದೇ ರೀತಿ ಇರಲು ಸಾಧ್ಯವಿಲ್ಲ. ಗಟ್ಟಿಯಾಗಿ ಓದಿದಾಗ ನಾಲಿಗೆಗೆ ಸಲೀಸಾಗಿ ಬಾರದ ಕಥೆಯನ್ನು ನಾನು ಪಕ್ಕಕ್ಕಿಡುತ್ತೇನೆ.

ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಪ್ರಕಟವಾಗಿರುವುದರಿಂದ ಈ ಕಥೆಗಳನ್ನು ಇಳಿಸಿಕೊಂಡು, ಲೇಖಕರ ಮತ್ತು ಚಿತ್ರಕಾರರ ಹೆಸರು ಉಳಿಸಿ, ಮುದ್ರಿಸಿ ಹಂಚಬಹುದು. ಚಿಕ್ಕ ಮಕ್ಕಳ ಕೈಗೆ ಮೊಬೈಲು ಕೊಡುವುದಕ್ಕಿಂತ ಇದೇ ಮೇಲು. ಕಪ್ಪು ಬಿಳುಪಿನ ಪ್ರತಿಯಾದರೂ ಸರಿ; ಮಗು ಬೆರಳಿಟ್ಟು ಓದುತ್ತದೆ, ಸಂಶಯ ಬಂದಾಗ ಹಿಂದಿನ ಪುಟಕ್ಕೆ ತಾನೇ ಮರಳಿ ಹುಡುಕುತ್ತದೆ.