ಬಿಲ್ಡ್ ಪೈಪ್‌ಲೈನ್ ಹೊರಗಿನವರಿಗೆ ಒಪ್ಪಿಸುವವರೇ, ಹಸಿರು ಗುರುತನ್ನು ನಂಬಬೇಡಿ

ನಮ್ಮ ತಂಡದ ಬಿಲ್ಡ್ ಪೈಪ್‌ಲೈನನ್ನು, ಅಂದರೆ ಪ್ರೋಗ್ರಾಂನಿಂದ ಪ್ಯಾಕೇಜ್ ತಾನಾಗಿ ತಯಾರಾಗುವ ವ್ಯವಸ್ಥೆಯನ್ನು, ಒಂದು ಗುತ್ತಿಗೆ ಸಂಸ್ಥೆಗೆ ವಹಿಸಿದ್ದೆವು. ಹೆಸರು ಬರೆಯುವುದಿಲ್ಲ, ಆದರೆ ಅವರು ಮಾಡಿದ್ದನ್ನು ಬರೆಯದೆ ಇರಲಾರೆ. ಕೆಲಸ ಇಷ್ಟೇ ಆಗಿತ್ತು: ಗಿಟ್‌ಹಬ್ ಆಕ್ಷನ್ಸ್‌ನಲ್ಲಿ (ಇಂಥ ಕೆಲಸಗಳನ್ನು ತಾನಾಗಿ ನಡೆಸುವ ಗಿಟ್‌ಹಬ್ ಸೇವೆ) ಯಾಮಲ್ ಎಂಬ ಪಠ್ಯ ರೂಪದಲ್ಲಿ ಬರೆದ ಕಾನ್ಫಿಗ್ (ಸೆಟ್ಟಿಂಗ್) ಫೈಲೊಂದನ್ನು ಓದಿ, ಅದರಲ್ಲಿರುವ ಸ್ವೀಡನ್, ಡೆನ್ಮಾರ್ಕ್, ನಾರ್ವೆಗಳ ಎರಡಕ್ಷರದ ದೇಶದ ಕೋಡ್ ನೋಡಿಕೊಂಡು ಒಂದೊಂದಕ್ಕೂ ಪ್ಯಾಕೇಜ್ ಸಿದ್ಧಪಡಿಸಬೇಕು. ಪ್ರತಿ ಸಲವೂ ಕೆಲಸ ಯಶಸ್ವಿ ಎನ್ನುವ ಹಸಿರು ಗುರುತು ಬರುತ್ತಿತ್ತು.

ನಾರ್ವೆಯ ಗ್ರಾಹಕರು ಮೀಟಿಂಗ್‌ನಲ್ಲಿ ಎಲ್ಲರೆದುರು "ನಮ್ಮ ಪ್ಯಾಕೇಜ್ ಎಲ್ಲಿ?" ಎಂದು ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ಲಾಗ್ (ಬಿಲ್ಡ್ ನಡೆದ ದಾಖಲೆ) ತೆರೆದು ನೋಡಿದರೆ ಪಟ್ಟಿಯಲ್ಲಿ ‘ಎಸ್‌ಇ’, ‘ಡಿಕೆ’, ಮೂರನೆಯ ಜಾಗದಲ್ಲಿ ನಾರ್ವೆಯ ‘ಎನ್‌ಒ’ ಬದಲು ‘ಫಾಲ್ಸ್’! ಅವರು ಬಳಸಿದ್ದ, ಪೈಥಾನ್‌ನಲ್ಲಿ ಯಾಮಲ್ ಓದುವ ಪೈಯಾಮಲ್ ಲೈಬ್ರರಿ ಇಂದಿಗೂ ಯಾಮಲ್ 1.1ರ ನಿಯಮದಂತೆ ಓದುತ್ತದೆ. ಉದ್ಧರಣ ಚಿಹ್ನೆಯಿಲ್ಲದ ‘ಎನ್‌ಒ’ ಅದಕ್ಕೆ ದೇಶದ ಕೋಡ್ ಅಲ್ಲ, ‘ಇಲ್ಲ’ ಎಂಬರ್ಥದ ‘ನೋ’, ಅಂದರೆ ‘ಫಾಲ್ಸ್’. 2009ರ 1.2 ಆವೃತ್ತಿಯಲ್ಲೇ ಕೈಬಿಟ್ಟ ಪದ್ಧತಿಯಿದು, ಈ ಕೆಲಸವನ್ನೇ ಕಸುಬು ಮಾಡಿಕೊಂಡವರಿಗೆ ತಿಳಿಯದ ವಿಷಯವಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ‘ಫಾಲ್ಸ್’ ಎಂಬ ಹೆಸರಿನ ಫೋಲ್ಡರ್ ಸಿಗದಿದ್ದಾಗ ಅಲ್ಲೇ ನಿಂತು ದೋಷ ತೋರಿಸಬೇಕಿದ್ದ ಸ್ಕ್ರಿಪ್ಟನ್ನು, ಅದನ್ನು ಬಿಟ್ಟು ಮುಂದೆ ಹೋಗುವಂತೆ ಅವರೇ ಬರೆದಿಟ್ಟಿದ್ದರು. ದೋಷವನ್ನು ಮುಚ್ಚಿಟ್ಟು ಹಸಿರು ತೋರಿಸುವುದಕ್ಕೆ ನಾವು ದುಡ್ಡು ಕೊಟ್ಟಿದ್ದೆವು!

ಕೇಳಿದರೆ, "ಬಿಲ್ಡ್ ಪಾಸ್ ಆಗಿದೆಯಲ್ಲ ಸರ್" ಎಂದರು. ಪಟ್ಟು ಹಿಡಿದಾಗ, "ಫೈಲ್ ನಿಮ್ಮದು, ನೀವು ಕೋಟ್ಸ್ ಹಾಕಬೇಕಿತ್ತು" ಎಂದರು. ಆ ಫೈಲನ್ನು ಬರೆದು ಕೊಟ್ಟವರು ಅವರೇ! ಸರಿಪಡಿಸಿ ಎಂದರೆ, "ಇದು ಚೇಂಜ್ ರಿಕ್ವೆಸ್ಟ್ ಆಗುತ್ತೆ, ಬೇರೆ ಎಸ್ಟಿಮೇಟ್ ಕಳಿಸ್ತೀವಿ" ಎಂಬ ಉತ್ತರ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ದೋಷ ಹುಡುಕುವ ನೆಪದಲ್ಲಿ ಅವರ ಎಂಜಿನಿಯರ್ ಇಡೀ ಕಾನ್ಫಿಗ್ ಫೈಲನ್ನು ಲಾಗ್‌ಗೆ ಮುದ್ರಿಸಿದರು. ಅವರೇ ಅದರಲ್ಲಿ ಇಟ್ಟಿದ್ದ ಡೇಟಾಬೇಸ್ ಪಾಸ್‌ವರ್ಡ್ ರೆಪೊ (ಗಿಟ್‌ಹಬ್‌ನಲ್ಲಿ ನಮ್ಮ ಫೈಲ್‌ಗಳಿರುವ ಜಾಗ) ನೋಡಬಲ್ಲವರಿಗೆಲ್ಲ ಕಾಣುವಂತಾಯಿತು. "ಗಿಟ್‌ಹಬ್ ತಾನೇ ಮರೆಮಾಡುತ್ತೆ ಅಂದ್ಕೊಂಡಿದ್ವಿ ಸರ್" ಎಂದರು. ಗುಟ್ಟಿನ ಮೌಲ್ಯಗಳನ್ನು ಇಡಲೆಂದೇ ಗಿಟ್‌ಹಬ್‌ನಲ್ಲಿರುವ ಸೀಕ್ರೆಟ್ಸ್‌ನಲ್ಲಿ ದಾಖಲಾದ ಮೌಲ್ಯಗಳನ್ನು ಅದು ಮರೆಮಾಡುತ್ತದೆ. ಫೈಲ್‌ನಿಂದ ಓದಿದ್ದನ್ನು ನಾವೇ ‘ಆಡ್-ಮಾಸ್ಕ್’ ಆಜ್ಞೆ ಕೊಟ್ಟು ಮುಚ್ಚಬೇಕು. ರಾತ್ರಿ ಕುಳಿತು ಪಾಸ್‌ವರ್ಡ್ ಬದಲಿಸಿದವರು ನಾವು, ಅವರಲ್ಲ.

ಇಂಥವರಿಗೆ ಕೆಲಸ ಕೊಡುವುದಿದ್ದರೆ, ಹಣ ಕೊಡುವ ಮೊದಲು ಫೈಲ್‌ನಲ್ಲಿ ಬೇಕೆಂದೇ ಒಂದು ಮೌಲ್ಯ ಕೆಡಿಸಿ, ಬಿಲ್ಡ್ ಕೆಂಪಾಗಿ ನಿಲ್ಲುತ್ತದೆಯೇ ನೋಡಿ. ಪೈಥಾನ್ ಆವೃತ್ತಿಯನ್ನು ಉದ್ಧರಣ ಚಿಹ್ನೆಯಿಲ್ಲದೆ 3.10 ಎಂದು ಬರೆದು ಪರೀಕ್ಷಿಸಿ, ಅದನ್ನು ದಶಮಾಂಶ ಸಂಖ್ಯೆಯೆಂದು ತಿಳಿದು 3.1 ಎಂದು ಓದಿಕೊಂಡು ಸುಮ್ಮನೆ ಮುಂದುವರಿದರೆ ಬಿಲ್ ಪಾಸ್ ಮಾಡಬೇಡಿ. ನಮ್ಮ ಕೊನೆಯ ಕಂತನ್ನು ತಡೆಹಿಡಿದಿದ್ದೇವೆ, ಅವರು ಈಗ ಅದಕ್ಕೆ ಬಡ್ಡಿ ಕೇಳುತ್ತಿದ್ದಾರೆ.