ಮಲ್ಟಿಜೆಟ್, ಬಿಎಸ್6 ಡೀಸೆಲ್, ಸಾದಾ ಪೆಟ್ರೋಲ್: ಸಿಟಿ ಓಡಾಟಕ್ಕೆ ಯಾವ ಎಂಜಿನ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಾರುತಿ ಬಲೆನೋದ 1.2 ಲೀಟರ್ ಪೆಟ್ರೋಲ್ ಎಂಜಿನ್‌ಗೆ. ಗಾಳಿ ಒತ್ತಿ ತುಂಬುವ ಟರ್ಬೋ ಇಲ್ಲ, 4 ಸಿಲಿಂಡರ್, ಸಿಗ್ನಲ್‌ನಲ್ಲಿ ನಿಂತಾಗ ಆನ್ ಇದೆಯೋ ಆಫ್ ಆಯಿತೋ ಗೊತ್ತಾಗುವುದಿಲ್ಲ. ನನ್ನ ಓಡಾಟ ಬನಶಂಕರಿಯಿಂದ ಜಯನಗರ, ಅಲ್ಲಿಂದ ಕೆ.ಆರ್. ಮಾರ್ಕೆಟ್, ವಾಪಸ್ ಮನೆ. ಅಷ್ಟೇ.

ಮುಂಚೆ ಇದ್ದದ್ದು ಹಳೆ ಸ್ವಿಫ್ಟ್ ಡೀಸೆಲ್. ಒಳಗೆ ಫಿಯೆಟ್‌ನ 1.3 ಮಲ್ಟಿಜೆಟ್. ಫಿಯೆಟ್ ಕಾರುಗಳು ನಮ್ಮಲ್ಲಿ ಅಷ್ಟಾಗಿ ಓಡಲಿಲ್ಲ, ಆದರೆ ಈ 1248 ಸಿಸಿ ಎಂಜಿನ್ ಮಾರುತಿ, ಟಾಟಾ, ಷೆವರ್ಲೆ ಎಲ್ಲರ ಬಾನೆಟ್ ಕೆಳಗೂ ಸೇರಿಕೊಂಡಿತು. 'ರಾಷ್ಟ್ರೀಯ ಎಂಜಿನ್' ಅಂತ ಜನ ತಮಾಷೆ ಮಾಡುತ್ತಿದ್ದದ್ದು ಸುಮ್ನೆ ಅಲ್ಲ. ಎಲ್ಲ ಸಿಲಿಂಡರ್‌ಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ 'ಕಾಮನ್ ರೇಲ್' ಪದ್ಧತಿಯನ್ನು ಕಾರಿಗೆ ತಂದವರಲ್ಲಿ ಫಿಯೆಟ್ ಬಳಗವೇ ಮುಂದು: 1997ರ ಆಲ್ಫಾ ರೋಮಿಯೋ 156. ಆಮೇಲೆ ಬಂದ ಮಲ್ಟಿಜೆಟ್‌ನಲ್ಲಿ ಡೀಸೆಲ್ಲನ್ನು ಒಂದೇ ಸಲ ಸುರಿಯದೆ ಹಲವು ಸಣ್ಣ ಕಂತುಗಳಲ್ಲಿ ಸಿಂಪಡಿಸುತ್ತಾರೆ. ಅದಕ್ಕೇ ಕಟಕಟ ಸದ್ದು ಕಡಿಮೆ. ಎಂಜಿನ್ ವೇಗ 2,000 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ದಾಟಿದರೆ ಓಡುವ ಮಜಾನೇ ಬೇರೆ. ದಾಟುವ ತನಕ ಮಾತ್ರ ತಾಳ್ಮೆ ಬೇಕು. 2020ರ ಏಪ್ರಿಲ್‌ನಲ್ಲಿ ಹೊಗೆ ಮಿತಿಯ ಹೊಸ ನಿಯಮ ಬಿಎಸ್6 ಬಂದಾಗ ಮಾರುತಿ ಡೀಸೆಲ್ ಸಹವಾಸವೇ ಬಿಟ್ಟಿತು.

ಬಿಡದೇ ಇದ್ದ ಕಂಪನಿಯೊಂದರ ಬಿಎಸ್6 ಡೀಸೆಲ್ ಎಸ್‌ಯುವಿ ನಮ್ಮ ಅಣ್ಣನದು. ಅವನು ಹೊರದೇಶಕ್ಕೆ ಹೋದಾಗ ಕೀ ನನ್ನ ಕೈಗೆ ಬಂತು. ಹೆಸರು ಬೇಡ. ಎಳೆತ ಭರ್ಜರಿ. ತಲೆನೋವು ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್.

ಸೈಲೆನ್ಸರ್ ದಾರಿಯಲ್ಲಿ ಕೂರುವ ಈ ಜಾಲರಿ ಡೀಸೆಲ್ ಮಸಿಯನ್ನು ಹಿಡಿದಿಡುತ್ತದೆ. ತುಂಬಿದಾಗ ಎಂಜಿನ್ ಹೆಚ್ಚುವರಿ ಡೀಸೆಲ್ ಹಾಕಿ, ಸುಮಾರು 600 ಡಿಗ್ರಿಗೆ ಕಾಯಿಸಿ, ಮಸಿಯನ್ನು ಸುಟ್ಟುಹಾಕಬೇಕು. ಇದಕ್ಕೆ ಒಂದೇ ಸಮನೆ ಒಂದಷ್ಟು ಹೊತ್ತು ಓಡಬೇಕು. ಜಯನಗರ 4ನೇ ಬ್ಲಾಕ್‌ನಲ್ಲಿ ಎಲ್ಲಿ ಓಡಿಸ್ತೀರಿ? ಸುಡಲು ಶುರುವಾಗುವ ಹೊತ್ತಿಗೆ ಮನೆ ಬಂದಿರುತ್ತದೆ, ಕೀ ಆಫ್. ಮಾರನೇ ದಿನ ಮತ್ತೆ ಅದೇ ಕತೆ. ಕೊನೆಗೆ ಹಳದಿ ದೀಪ.

ಸರ್ವಿಸ್‌ನವರು ಕೊಟ್ಟ ಔಷಧಿ: "ಸರ್, ತುಮಕೂರು ರೋಡಲ್ಲಿ ಒಂದು ರೌಂಡ್ ಹೋಗ್ಬನ್ನಿ, ಥರ್ಡ್ ಗೇರಲ್ಲೇ ಇಟ್ಕೊಳಿ." ಭಾನುವಾರ ಬೆಳಗ್ಗೆ ಟೋಲ್ ಕಟ್ಟಿ ಮಸಿ ಸುಡಲು ಹೋಗುವುದು! ತಟ್ಟೆ ಇಡ್ಲಿ ಸಿಕ್ಕಿತು, ಅದೊಂದು ಲಾಭ. ಇನ್ನೊಂದು ವಿಷಯ ಡಿಪ್‌ಸ್ಟಿಕ್ ಎಳೆದಾಗ ಕಂಡಿತು. ಆಯಿಲ್ ಮಟ್ಟ ಇಳಿಯುವ ಬದಲು ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ. ಅರ್ಧಕ್ಕೆ ನಿಂತ ಸುಡುವಿಕೆಯಲ್ಲಿ ಉರಿಯದ ಡೀಸೆಲ್ ಪಿಸ್ಟನ್ ಪಕ್ಕದಿಂದ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಅವಧಿಗೆ ಮುಂಚೆಯೇ ಬದಲಾಯಿಸಬೇಕು. ಡೀಸೆಲ್‌ನಲ್ಲಿ ಉಳಿಸಿದ್ದು ಅಲ್ಲಿಗೆ ಹೋಯಿತು, ಅಲ್ವಾ?

ಬಲೆನೋಗೆ ಈ ಯಾವ ರಗಳೆಯೂ ಇಲ್ಲ. ಘಾಟಿ ಏರುವಾಗ ಗೇರ್ ಇಳಿಸಬೇಕು, ನಿಜ. ಸ್ವಿಫ್ಟ್ 2024ರಲ್ಲಿ 3 ಸಿಲಿಂಡರ್‌ಗೆ ಇಳಿಯಿತು. ಮೈಲೇಜ್ ಜಾಸ್ತಿ ಅನ್ನುತ್ತಾರೆ, ನನಗೆ ನಾಲ್ಕರ ನಯವೇ ಇಷ್ಟ.

ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈರೈಡರ್ ಹೈಬ್ರಿಡ್ಡನ್ನೂ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರುವ ಕಾರು) ಟೆಸ್ಟ್ ಡ್ರೈವ್ ಮಾಡಿದೆ. ಕಂಪನಿ ಹೇಳುವ ಮೈಲೇಜ್ ಲೀಟರಿಗೆ 27.97 ಕಿ.ಮೀ. ಜಾಮ್‌ನಲ್ಲಿ ಸದ್ದಿಲ್ಲದೆ ಬ್ಯಾಟರಿಯಲ್ಲೇ ತೆವಳುತ್ತದೆ, ಸಿಟಿಗೆ ಅದೇ ಸರಿಯಾದ ಎಂಜಿನ್. ಆದರೆ ಆ ಬೆಲೆಯ ಇಎಂಐ ನನ್ನ ಸಂಬಳಕ್ಕೆ ಆಗದು. ವಾರವಾರ ಹಾಸನ, ಮಂಗಳೂರು ಅಂತ ಓಡುವವರು ಡೀಸೆಲ್ಲೇ ತೆಗೆದುಕೊಳ್ಳಿ. ಅವರಿಗೆ ಡಿಪಿಎಫ್ ದೀಪ ಕಾಣಿಸುವುದೇ ಅಪರೂಪ.